ಹಳೆ ಪಿಕಪ್‌ಗೆ ಒಂಟಿ ಸೈಲೆನ್ಸರೋ, ಜೋಡಿಯೋ?

1972ರ ಶೆವರ್ಲೆ ಸಿ-10 ಪಿಕಪ್‌ನ ಅಡಿಗೆ ಅಂಗಾತ ಮಲಗಿ ಮೇಲೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತುಕ್ಕು ಹಿಡಿದ ಒಂದು ಕವಲು. ಎಂಟು ಸಿಲಿಂಡರ್‌ಗಳ ವಿ-8 ಎಂಜಿನ್ನಿನಲ್ಲಿ ಎಡಸಾಲಿನ ನಾಲ್ಕರ ಹೊಗೆ ಒಂದು ಕೊಳವೆಯಲ್ಲಿ ಇಳಿಯುತ್ತದೆ, ಬಲಸಾಲಿನ ನಾಲ್ಕರದ್ದು ಇನ್ನೊಂದರಲ್ಲಿ. ಗೇರ್‌ಬಾಕ್ಸಿನ ಹತ್ತಿರ ಎರಡೂ ಸೇರಿ ಒಂದಾಗುತ್ತವೆ. ಅಲ್ಲಿಂದ ಹಿಂದಕ್ಕೆ ಒಂದೇ ಸೈಲೆನ್ಸರ್, ಒಂದೇ ಬಾಲ. ಅಮೆರಿಕದಲ್ಲಿ ಇಂಥ ಗಾಡಿಯನ್ನು ಹುಡುಕಿ ಕೊಂಡವರು ಹೆಚ್ಚು ದಿನ ಕಳೆಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಈ ಕವಲನ್ನು ಕಿತ್ತು, ಎರಡೂ ಬದಿಗೆ ಬೇರೆ ಬೇರೆ ಸೈಲೆನ್ಸರ್ ಹಾಕಿಸಿದರೆ ಹೇಗೆ?

ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಜೋಡಿ ಕೊಳವೆಯ ಆ ಗುಡುಗುಡು ಸದ್ದು ಎಲ್ಲೋ ಕಿವಿಗೆ ಬಿದ್ದಿರುತ್ತದೆ. ಸದ್ದಿಗಾಗಿ ಹಾಕಿಸುತ್ತೇನೆ ಎನ್ನುವವರ ಜೊತೆ ಜಗಳವಿಲ್ಲ. ಆದರೆ ಹೆಚ್ಚಿನವರು ಹೇಳುವ ಕಾರಣ ಬೇರೆ: ಶಕ್ತಿ ಹೆಚ್ಚುತ್ತದೆ, ಮೈಲೇಜು ಸುಧಾರಿಸುತ್ತದೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಕೊಳವೆಯ ಅಳತೆ ಹೇಳಬೇಕು, ಕಿವಿಯಲ್ಲ.

ಮೊದಲು ರೋಗ ಯಾವುದು, ನೋಡಿ

ಗಾಡಿಗೆ ದಮ್ಮಿಲ್ಲ, ಏರು ಹತ್ತುವಾಗ ಉಸಿರು ಕಟ್ಟುತ್ತದೆ ಎಂದು ಜೋಡಿ ಎಕ್ಸಾಸ್ಟ್ ಹಾಕಿಸಲು ಹೊರಟವರು ಹಣ ಕೊಡುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ, ಬಿಸಿಯಾದ ಎಂಜಿನ್ನನ್ನು ಐಡಲಿಂಗ್‌ನಲ್ಲಿ ಬಿಡಬೇಕು. ಆರೋಗ್ಯವಂತ ಎಂಜಿನ್ನಿನಲ್ಲಿ ಮುಳ್ಳು 17ರಿಂದ 21 ಅಂಗುಲದ ನಡುವೆ ಅಲುಗಾಡದೆ ನಿಲ್ಲುತ್ತದೆ. ಈಗ ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದಿಡಿ. ಮುಳ್ಳು ಒಮ್ಮೆ ಕುಸಿದು ಮತ್ತೆ ಮೇಲೇರಿ ನಿಂತರೆ ಹೊಗೆಯ ದಾರಿ ಸರಾಗವಾಗಿದೆ. ನಿಂತ ಮುಳ್ಳು ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ ಹಿಂದೆ ಎಲ್ಲೋ ಅಡಚಣೆ ಇದೆ.

ಅಡಚಣೆ ಇದ್ದರೂ ಅದು ಒಂಟಿ ಕೊಳವೆಯ ತಪ್ಪೇ ಆಗಿರಬೇಕಿಲ್ಲ. ಹಳೆಯ ವಿ-8 ಎಂಜಿನ್‌ಗಳಲ್ಲಿ ಒಂದು ಬದಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಾಯಿಗೆ ಚಿಕ್ಕದೊಂದು ತಟ್ಟೆ ಕವಾಟ ಇರುತ್ತದೆ. ಹೀಟ್ ರೈಸರ್ ಎನ್ನುತ್ತಾರೆ. ಚಳಿಯಲ್ಲಿ ಎಂಜಿನ್ ಚಾಲೂ ಮಾಡಿದಾಗ ಅದು ಮುಚ್ಚಿಕೊಂಡು, ಆ ಬದಿಯ ಬಿಸಿ ಹೊಗೆಯನ್ನು ಕಾರ್ಬ್ಯುರೇಟರ್ ಕೆಳಗಿನ ದಾರಿಯಲ್ಲಿ ಇನ್ನೊಂದು ಬದಿಗೆ ತಳ್ಳುತ್ತದೆ. ಕಾರ್ಬ್ಯುರೇಟರ್ ಬೇಗ ಬೆಚ್ಚಗಾಗಲಿ ಎಂಬ ಏರ್ಪಾಡು. ಎಂಜಿನ್ ಬಿಸಿಯಾದ ಮೇಲೆ ತಾನಾಗಿ ತೆರೆದುಕೊಳ್ಳಬೇಕು. ಐವತ್ತು ವರ್ಷದ ತುಕ್ಕು ಅದನ್ನು ಅರ್ಧ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿ ಹಿಡಿದಿದ್ದರೆ, ನಾಲ್ಕು ಸಿಲಿಂಡರ್‌ಗಳ ಹೊಗೆ ಸೂಜಿಬಾಯಲ್ಲಿ ನುಸುಳಿ ಹೋಗಬೇಕು. ಹೀಗಿರುವ ಗಾಡಿಗೆ ಎರಡಲ್ಲ, ನಾಲ್ಕು ಸೈಲೆನ್ಸರ್ ಹಾಕಿದರೂ ದಮ್ಮು ಬಾರದು. ಎಂಜಿನ್ ತಣ್ಣಗಿರುವಾಗ ಕವಾಟದ ಹೊರಗಿನ ತೂಕದ ಗುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಮೋಸ ಎರಡು ಪದರದ ಕೊಳವೆಗಳದ್ದು. ಹೊರಪದರ ಗಟ್ಟಿಮುಟ್ಟಾಗಿ ಕಾಣುತ್ತಿರುತ್ತದೆ, ಒಳಪದರ ಕಳಚಿ ಕುಸಿದು ದಾರಿಗೆ ಅಡ್ಡ ಬಿದ್ದಿರುತ್ತದೆ. ಹೊರಗಿನಿಂದ ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತ ಹೋದರೆ, ಕಳಚಿದ ಜಾಗದಲ್ಲಿ ಸದ್ದು ಬದಲಾಗುತ್ತದೆ.

ಯಾವ ಎಂಜಿನ್?

ರೋಗವಿಲ್ಲ ಎಂದಾದರೆ ಮುಂದಿನದು ಎಂಜಿನ್ನಿನ ಜಾತಿ. ಇಲ್ಲೇ ಅನೇಕರ ಪ್ರಶ್ನೆ ಮುಗಿದುಹೋಗುತ್ತದೆ.

ಟರ್ಬೊ ಇರುವ ಡೀಸೆಲ್ ಪಿಕಪ್ ಆದರೆ ಯೋಚಿಸುವುದೇ ಬೇಡ. 1989ರಿಂದ ಡಾಡ್ಜ್ ಪಿಕಪ್‌ಗಳಿಗೆ ಬಂದ ಕಮಿನ್ಸ್‌ನ 5.9 ಲೀಟರ್ ಎಂಜಿನ್ ತೆಗೆದುಕೊಳ್ಳಿ: ಆರೂ ಸಿಲಿಂಡರ್‌ಗಳ ಹೊಗೆ ಟರ್ಬೊದೊಳಗೆ ಹಾದು ಒಂದೇ ಬಾಯಲ್ಲಿ ಹೊರಬರುತ್ತದೆ. ಅದನ್ನು ಮತ್ತೆ ಎರಡಾಗಿ ಸೀಳುವುದರಲ್ಲಿ ಅರ್ಥವಿಲ್ಲ. ಅಗಲವಾದ ಒಂದೇ ಕೊಳವೆ ಸಾಕು.

ಫೋರ್ಡ್‌ನ 300 ಘನ ಅಂಗುಲದ ಎಂಜಿನ್ 1965ರಿಂದ 1996ರವರೆಗೆ ತಯಾರಾಯಿತು. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಇದಕ್ಕೆ ಜೋಡಿ ಕೊಳವೆ ಬೇಕೆಂದರೆ ಮ್ಯಾನಿಫೋಲ್ಡನ್ನೇ ಮುಂದಿನ ಮೂರು, ಹಿಂದಿನ ಮೂರು ಎಂದು ಪಾಲು ಮಾಡಬೇಕು. ಕುತೂಹಲದ ಸಂಗತಿ ಎಂದರೆ, 1987ರ ಮಾದರಿಗಳಿಗೆ ಇಂಧನ ಇಂಜೆಕ್ಷನ್ ಬಂದಾಗ ಫೋರ್ಡ್ ಕಂಪನಿಯೇ ಹಾಗೆ ಪಾಲಾದ ಎರಡು ಎರಕದ ಮ್ಯಾನಿಫೋಲ್ಡ್‌ಗಳನ್ನು ಕೊಟ್ಟಿತು. ಹಳೆಯ ಕಾರ್ಬ್ಯುರೇಟರ್ ಗಾಡಿಗಳವರು ಗುಜರಿಯಲ್ಲಿ ಇವನ್ನು ಹುಡುಕಿ ತಂದು ಕೂರಿಸಿಕೊಳ್ಳುತ್ತಾರೆ. ಹಾಗೆ ಮಾಡುವವರಿಗೂ ಸಲಹೆ ಒಂದೇ: ಮ್ಯಾನಿಫೋಲ್ಡ್ ಎರಡಿರಲಿ, ಕೆಳಗೆ ಅವನ್ನು ಸೇರಿಸಿ ಒಂದೇ ಕೊಳವೆ ಎಳೆಯಿರಿ. ಲಾಭವೆಲ್ಲ ಮೇಲಿನ ಪಾಲಿನಲ್ಲೇ ಬಂದುಬಿಡುತ್ತದೆ.

ನಮ್ಮ ಹೆದ್ದಾರಿಗಳಲ್ಲಿ ದಶಕಗಟ್ಟಲೆ ಓಡಿದ ಟಾಟಾ 1210, ಲೇಲ್ಯಾಂಡ್ ಕಾಮೆಟ್ ಲಾರಿಗಳಲ್ಲೂ ಆರು ಸಿಲಿಂಡರ್ ಒಂದೇ ಸಾಲು. ಹಾಗಾಗಿ ಕರ್ನಾಟಕದ ಲಾರಿ ಮೇಸ್ತ್ರಿಗಳಿಗೆ ಒಂಟಿ-ಜೋಡಿ ಎಂಬ ತಕರಾರು ಅಪರಿಚಿತ. ಇದು ಮುಖ್ಯವಾಗಿ ವಿ-8 ಎಂಜಿನ್ನಿನ ಊರಿನ ತಕರಾರು.

ಕೊಳವೆಯ ಲೆಕ್ಕ

ವಿ-8 ಇದ್ದವರು ಮಾತ್ರ ಕಾಗದ ಪೆನ್ಸಿಲ್ ಹಿಡಿದು ಕೂರಬೇಕು. ಎಕ್ಸಾಸ್ಟ್ ಕೆಲಸದವರು ಬಳಸುವ ಒಂದು ಅಂದಾಜು ಸೂತ್ರವಿದೆ. ಒಂದು ಕುದುರೆಶಕ್ತಿಗೆ ನಿಮಿಷಕ್ಕೆ ಸುಮಾರು 2.2 ಘನ ಅಡಿ ಹರಿವು ಬೇಕು. ನೇರ ಕೊಳವೆಯ ಒಂದು ಚದರ ಅಂಗುಲ ಬಾಯಿಯಲ್ಲಿ ನಿಮಿಷಕ್ಕೆ ಸುಮಾರು 115 ಘನ ಅಡಿ ಸರಾಗವಾಗಿ ಹೋಗುತ್ತದೆ. ಭಾಗಿಸಿದರೆ ಚದರ ಅಂಗುಲಕ್ಕೆ ಹೆಚ್ಚುಕಡಿಮೆ 52 ಕುದುರೆಶಕ್ತಿ.

ಅಂಗಡಿಯಲ್ಲಿ ಸಿಗುವ ಕೊಳವೆಯ ಅಳತೆ ಹೊರಮೈಯದ್ದು. ತಗಡಿನ ದಪ್ಪ ಸುಮಾರು 1.65 ಮಿ.ಮೀ. ಎಂದು ಹಿಡಿದು ಕಳೆದರೆ, ಎರಡೂವರೆ ಅಂಗುಲದ ಕೊಳವೆಯ ಒಳಬಾಯಿ 4.4 ಚದರ ಅಂಗುಲ, ಮೂರಂಗುಲದ್ದು ಸುಮಾರು 6.5. ಎಂದರೆ ಎರಡೂವರೆ ಅಂಗುಲದ ಒಂಟಿ ಕೊಳವೆ 230 ಕುದುರೆಶಕ್ತಿಯವರೆಗೆ ಸಾಕು, ಮೂರಂಗುಲದ್ದು 335ರ ಆಸುಪಾಸಿನವರೆಗೆ. ಎರಡೆರಡು ಅಂಗುಲದ ಜೋಡಿ ಕೊಳವೆಗಳ ಬಾಯಿ ಕೂಡಿಸಿದರೆ 5.5 ಚದರ ಅಂಗುಲ ಮಾತ್ರ. ಮೂರಂಗುಲದ ಒಂಟಿ ಕೊಳವೆ ಇದಕ್ಕಿಂತ ದೊಡ್ಡದು! ಎರಡೂಕಾಲು ಅಂಗುಲದ ಜೋಡಿ ಬಂದಾಗ (7 ಚದರ ಅಂಗುಲ) ಲೆಕ್ಕ ತಿರುಗುತ್ತದೆ. ಎರಡೂವರೆ ಅಂಗುಲದ ಜೋಡಿ 450 ದಾಟಿದ ಎಂಜಿನ್ನಿಗೂ ಸಾಲುತ್ತದೆ.

ಈಗ ಗಾಡಿಯ ಶಕ್ತಿ ಎಷ್ಟು? ಇಲ್ಲಿ ಹಳೆಯ ಜಾಹೀರಾತುಗಳನ್ನು ನಂಬಿದವರು ಮೋಸಹೋಗುತ್ತಾರೆ. 1971ರವರೆಗೆ ಅಮೆರಿಕನ್ ಕಂಪನಿಗಳು ಸೈಲೆನ್ಸರ್, ಫ್ಯಾನು, ಏರ್ ಫಿಲ್ಟರ್ ಬಿಚ್ಚಿಟ್ಟ ಎಂಜಿನ್ನನ್ನು ಪೀಠದ ಮೇಲೆ ಓಡಿಸಿ ಬಂದ ಸಂಖ್ಯೆಯನ್ನೇ ಎದ್ದು ಕಾಣುವಂತೆ ಅಚ್ಚು ಹಾಕುತ್ತಿದ್ದವು. 1972ರ ಮಾದರಿಗಳಿಂದ ಇವನ್ನೆಲ್ಲ ಜೋಡಿಸಿಯೇ ಅಳೆಯುವ ಪದ್ಧತಿ ನೆಲೆಯಾಯಿತು. ಸಿ-10ರ 350 ಘನ ಅಂಗುಲದ ವಿ-8 ಹಳೆ ಲೆಕ್ಕದಲ್ಲಿ 250 ಕುದುರೆಶಕ್ತಿ ಎನಿಸಿಕೊಂಡಿತ್ತು, ಹೊಸ ಲೆಕ್ಕದಲ್ಲಿ 175ಕ್ಕೆ ಬಂತು. ಎಂಜಿನ್ ಬದಲಾಗಿರಲಿಲ್ಲ, ತಕ್ಕಡಿ ಬದಲಾಗಿತ್ತು.

ಆ 175ಕ್ಕೆ ಎರಡೂವರೆ ಅಂಗುಲದ ಒಂದೇ ಕೊಳವೆ, ಒಳ್ಳೆಯದೊಂದು ಸೈಲೆನ್ಸರ್ ಇದ್ದರೆ ಬೇಕಾದಷ್ಟಾಯಿತು. ಕ್ಯಾಮ್ ಶಾಫ್ಟ್ ಬದಲಿಸಿ, ಎರಕದ ಮ್ಯಾನಿಫೋಲ್ಡಿನ ಬದಲು ಸಿಲಿಂಡರಿಗೊಂದು ಕೊಳವೆಯ ಹೆಡರ್ ಹಾಕಿ, ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಕೂರಿಸಿ 300ರ ಹತ್ತಿರ ತಂದವರಿಗೆ ಮೂರಂಗುಲದ ಒಂಟಿ ಅಥವಾ ಎರಡೂಕಾಲಿನ ಜೋಡಿ, ಎರಡೂ ನಡೆಯುತ್ತವೆ. 350 ದಾಟುವವರಿಗೆ ಮಾತ್ರ ಜೋಡಿಯೇ ಸರಿ, ಏಕೆಂದರೆ ಮೂರೂವರೆ ಅಂಗುಲದ ಒಂಟಿ ಕೊಳವೆಯನ್ನು ಹಿಂದಿನ ಆಕ್ಸಲ್ ಮೇಲೆ ಬಾಗಿಸಿ ದಾಟಿಸುವುದು ಸುಲಭದ ಮಾತಲ್ಲ.

ಇಲ್ಲಿ ಎರಡೂ ಕಡೆಯವರ ಒಂದೊಂದು ಮೂಢನಂಬಿಕೆಯನ್ನು ಬದಿಗಿಡಬೇಕು. ಎಂಜಿನ್ನಿಗೆ ಹಿಂದೊತ್ತಡ ಬೇಕೇ ಬೇಕು ಎಂಬುದು ಒಂದು. ಯಾವ ಎಂಜಿನ್ನಿಗೂ ಹಿಂದೊತ್ತಡದ ಹಸಿವಿಲ್ಲ. ಅದಕ್ಕೆ ಬೇಕಾದ್ದು ಹೊಗೆಯ ವೇಗ. ಮುಂದೆ ಓಡುವ ಹೊಗೆಯ ಅಲೆ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗಬೇಕು. ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಇನ್ನೊಂದು. ಬೇಕಾದ್ದಕ್ಕಿಂತ ಅಗಲವಾದ ಕೊಳವೆಯಲ್ಲಿ ಹೊಗೆ ಬೇಗ ತಣಿದು ನಿಧಾನವಾಗುತ್ತದೆ. ಹಣ ಹೆಚ್ಚು ಹೋಗುತ್ತದೆ, ಶಕ್ತಿ ಬರುವುದಿಲ್ಲ.

ಆ ಗುಡುಗುಡು ಎಲ್ಲಿಂದ?

ಸದ್ದಿನ ವಿಷಯಕ್ಕೂ ಬರೋಣ, ಅದು ಬರಿಯ ಶೋಕಿಯಲ್ಲ. ಶೆವರ್ಲೆಯ ಚಿಕ್ಕ ವಿ-8ರಲ್ಲಿ ಸಿಲಿಂಡರ್‌ಗಳು ಸಿಡಿಯುವ ಕ್ರಮ 1-8-4-3-6-5-7-2. ಬೆಸಸಂಖ್ಯೆಯವು ಎಡಸಾಲು, ಸಮಸಂಖ್ಯೆಯವು ಬಲಸಾಲು. ಒಟ್ಟಾರೆ ನೋಡಿದರೆ ಪ್ರತಿ 90 ಡಿಗ್ರಿಗೆ ಒಂದು ಸಿಡಿತ, ಕರಾರುವಾಕ್ಕು. ಎಡಸಾಲನ್ನಷ್ಟೇ ಆಲಿಸಿದರೆ ಅಂತರಗಳು 270, 180, 90, 180 ಡಿಗ್ರಿ. ಇಬ್ಬರು ಡೊಳ್ಳಿನವರು ಒಂದು ತಾಳವನ್ನು ಹಂಚಿಕೊಂಡು ಬಾರಿಸಿದಂತೆ: ಒಟ್ಟಿಗೆ ಕೇಳಿದರೆ ಲಯ ಸರಿ, ಒಬ್ಬನದ್ದನ್ನಷ್ಟೇ ಕೇಳಿದರೆ ಕುಂಟು. ಒಂಟಿ ಕೊಳವೆಯಲ್ಲಿ ಇಬ್ಬರೂ ಕೂಡಿ ಬರುವುದರಿಂದ ಸದ್ದು ಸಮವಾಗಿರುತ್ತದೆ. ಜೋಡಿಯಲ್ಲಿ ಒಂದೊಂದು ಕೊಳವೆಯೂ ತನ್ನ ಕುಂಟುಲಯವನ್ನೇ ಊದುತ್ತದೆ. ಅಮೆರಿಕನ್ನರು ಮರುಳಾಗಿರುವುದು ಆ ಕುಂಟಿಗೆ.

ಆದರೆ 5 ಮತ್ತು 7, ಹಾಗೆಯೇ 8 ಮತ್ತು 4, ಒಂದರ ಬೆನ್ನಿಗೆ ಒಂದು ಅದೇ ಕೊಳವೆಗೆ ನುಗ್ಗುತ್ತವಲ್ಲ, ಅದು ಹರಿವಿಗೆ ಒಳ್ಳೆಯದಲ್ಲ. ಆದ್ದರಿಂದಲೇ ಜೋಡಿ ಹಾಕಿಸುವವರು ಸೈಲೆನ್ಸರಿಗೆ ಮುಂಚೆ ಎರಡು ಕೊಳವೆಗಳ ನಡುವೆ ಒಂದು ಅಡ್ಡ ಸೇತುವೆ ಹಾಕಿಸಲೇಬೇಕು. ಇಂಗ್ಲಿಷಿನ ಎಚ್ ಅಕ್ಷರದಂತೆ ಅಡ್ಡ ತುಂಡು ಬೆಸೆದರೆ ಸದ್ದು ಆಳವಾಗಿ, ಗಂಭೀರವಾಗಿ ಬರುತ್ತದೆ. ಎಕ್ಸ್ ಆಕಾರದಲ್ಲಿ ಎರಡನ್ನೂ ಕೂಡಿಸಿ ಬಿಡಿಸಿದರೆ ಸದ್ದು ನಯವಾಗಿ, ಸ್ವಲ್ಪ ಏರುದನಿಯಲ್ಲಿರುತ್ತದೆ. ಸೇತುವೆಯೇ ಇಲ್ಲದ ಜೋಡಿ ಅರ್ಧ ಕೆಲಸ. ಗೇರ್‌ಬಾಕ್ಸ್ ಇಳಿಸಬೇಕಾದಾಗ ಈ ಸೇತುವೆಯೇ ಅಡ್ಡ ಬರುವುದರಿಂದ, ಅದನ್ನು ಬೆಸೆಯುವ ಬದಲು ಬೋಲ್ಟು ಬಿಚ್ಚುವಂತೆ ಮಾಡಿಸಿಕೊಳ್ಳುವುದು ಜಾಣತನ.

ಸೈಲೆನ್ಸರಿನ ಆಯ್ಕೆಯೂ ಇದಕ್ಕೆ ಸೇರಿದ್ದೇ. ರಂಧ್ರದ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ ಗ್ಲಾಸ್‌ಪ್ಯಾಕ್ ಅಗ್ಗ, ಗಲಾಟೆ ಜಾಸ್ತಿ, ನಾರು ಸುಟ್ಟು ಉದುರಿದಂತೆ ಇನ್ನೂ ಜಾಸ್ತಿ. ಟರ್ಬೊ ಸೈಲೆನ್ಸರ್ ಎಂಬುದಕ್ಕೆ ಟರ್ಬೊ ಬೇಕಾಗಿಲ್ಲ. 1960ರ ದಶಕದ ಟರ್ಬೊ ಇದ್ದ ಶೆವರ್ಲೆ ಕಾರ್ವೇರ್ ಕಾರಿನ ಸರಾಗ ಸೈಲೆನ್ಸರನ್ನು ಜನ ಬೇರೆ ಗಾಡಿಗಳಿಗೆ ಹಾಕತೊಡಗಿದ್ದರಿಂದ ಬಂದ ಹೆಸರು ಅದು. ದಿನವೂ ಓಡಿಸುವ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂರುವ ಗಾಡಿಗೆ ಇದೇ ಹಿತ. ನಿಂತಾಗ ಇಂಪಾಗಿ ಕೇಳುವ ಎಷ್ಟೋ ಸೈಲೆನ್ಸರ್‌ಗಳು ಗಂಟೆಗೆ 60 ಮೈಲಿಯಲ್ಲಿ ಕ್ಯಾಬಿನ್ನಿನೊಳಗೆ ತಲೆನೋವಿನ ಗುಂಯ್‌ಗುಡುವಿಕೆ ಹುಟ್ಟಿಸುತ್ತವೆ. ಪಿಕಪ್‌ನ ಕ್ಯಾಬಿನ್ ಚಿಕ್ಕದು, ಹಿಂದಿನ ಗಾಜು ಕಿವಿಯ ಪಕ್ಕದಲ್ಲೇ.

ಅಡಿಯಲ್ಲಿ ಜಾಗ ಇದೆಯೇ?

1972ರವರೆಗಿನ ಸಿ-10ರಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನ ಹಿಂದೆ. ಇದನ್ನು ಕೇಳಿದವರಿಗೆ ಇಂದು ಮೈ ಜುಂ ಎನ್ನಬಹುದು, ಆದರೆ ಎಕ್ಸಾಸ್ಟ್ ಎಳೆಯುವವರಿಗೆ ಅದು ವರ: ಅಡಿಯಲ್ಲಿ ಎರಡೂ ಬದಿ ಖಾಲಿ. 1973ರಿಂದ 1987ರವರೆಗಿನ ಮಾದರಿಗಳಲ್ಲಿ ಟ್ಯಾಂಕ್ ಚಾಸಿಯ ಹೊರಬದಿಗೆ ಹೋಯಿತು. ಒಂದು ಬದಿಯಲ್ಲಿ ಟ್ಯಾಂಕ್ ಇದ್ದರೆ ಎರಡನೆಯ ಕೊಳವೆಯನ್ನು ಚಾಸಿಯ ಒಳಬದಿಯಲ್ಲೇ ಒಯ್ಯಬೇಕು, ಟ್ಯಾಂಕಿಗೂ ಅದಕ್ಕೂ ನಡುವೆ ಬಿಸಿ ತಡೆಯುವ ತಗಡು ಕಟ್ಟಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಒಂದು ಬದಿಯನ್ನು ಆಗಲೇ ಹಿಡಿದುಕೊಂಡಿರುತ್ತದೆ. ಅಲ್ಲಿ ಒಂಟಿ ಕೊಳವೆಗೆ ಇನ್ನೊಂದು ಅಂಕ.

ಸ್ಟಾರ್ಟರ್ ಮೋಟಾರು, ಬ್ರೇಕಿನ ರಬ್ಬರ್ ಹೋಸು, ಇಂಧನದ ಸಣ್ಣ ಪೈಪು, ಇವುಗಳಿಂದ ಕೊಳವೆ ದೂರವಿರಬೇಕು. ಬಾಲ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದಂತೂ ಪ್ರಾಣದ ಪ್ರಶ್ನೆ. ಕ್ಯಾಬಿನ್ನಿನ ಅಡಿಯಲ್ಲೇ ಕೊಳವೆ ಕತ್ತರಿಸಿ ಬಿಟ್ಟರೆ, ಹಳೆ ಗಾಡಿಯ ನೆಲದ ತುಕ್ಕುತೂತುಗಳಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ತೊಟ್ಟಿಗೆ ಮುಚ್ಚಿಗೆ ಹಾಕಿ ಜನರನ್ನೋ ನಾಯಿಯನ್ನೋ ಕೂರಿಸುವವರು ಬಾಲವನ್ನು ಬಂಪರಿನ ಆಚೆಗೇ ಒಯ್ಯಬೇಕು.

ಕಾನೂನಿನ ಗೆರೆ

ಅಮೆರಿಕದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಲ್ಲಿ. ಆಗ ಹೊರೆ ಸಮೇತ ಒಟ್ಟು ತೂಕ 6,000 ಪೌಂಡು ಮೀರಿದ ಪಿಕಪ್‌ಗಳಿಗೆ ವಿನಾಯಿತಿ ಇತ್ತು. ಫೋರ್ಡ್ ಎಫ್-150 ಹುಟ್ಟಿದ್ದೇ ಆ ಗೆರೆಯನ್ನು ಸ್ವಲ್ಪ ದಾಟಿ ನಿಲ್ಲಲಿಕ್ಕೆ. ಅದೇ ಸಂದಿಯಲ್ಲಿ ನುಗ್ಗಿದ ಇನ್ನೊಂದು ಗಾಡಿ 1978ರ ಡಾಡ್ಜ್ ಲಿಲ್ ರೆಡ್ ಎಕ್ಸ್‌ಪ್ರೆಸ್. ಕ್ಯಾಬಿನ್ನಿನ ಹಿಂದೆ ಎರಡೂ ಬದಿಯಲ್ಲಿ ಆಕಾಶಕ್ಕೆ ನಿಂತ ಹೊಳೆಯುವ ಎರಡು ಹೊಗೆ ಕಂಬಗಳು, ಕೆಂಪು ಮೈ, 225 ಕುದುರೆಶಕ್ತಿ, ಕನ್ವರ್ಟರ್ ಇಲ್ಲ. ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆ ಅದರ ಮೊದಲ ಮಾದರಿಯನ್ನು ಓಡಿಸಿ ನೋಡಿದಾಗ, ನಿಂತಲ್ಲಿಂದ ಗಂಟೆಗೆ 100 ಮೈಲಿ ಮುಟ್ಟುವುದರಲ್ಲಿ ಅದು ಅಂದಿನ ಅಮೆರಿಕನ್ ಕಾರುಗಳನ್ನು ಹಿಂದೆ ಹಾಕಿತ್ತು. 1979ರಲ್ಲಿ ನಿಯಮ ಬಿಗಿಯಾಯಿತು, ಈ ಗಾಡಿಗೂ ಕನ್ವರ್ಟರ್ ಬಂತು.

ಇಂದು ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದ್ದು: ಕಾರ್ಖಾನೆಯಿಂದ ಕನ್ವರ್ಟರ್ ಜೊತೆಗೆ ಬಂದ ಗಾಡಿಯಾದರೆ ಅದನ್ನು ತೆಗೆಯುವಂತಿಲ್ಲ. ಅಮೆರಿಕದ ವಾಯುಮಾಲಿನ್ಯ ಕಾನೂನಿನ 1977ರ ತಿದ್ದುಪಡಿ ಗ್ಯಾರೇಜಿನವರ ಕೈ ಕಟ್ಟಿತು, 1990ರದ್ದು ಮಾಲೀಕರ ಕೈಯನ್ನೂ. ಅಂಥ ಗಾಡಿಗೆ ಜೋಡಿಯ ಆಸೆ ಇದ್ದರೆ ಕನ್ವರ್ಟರ್ ಇದ್ದಲ್ಲೇ ಇರಲಿ, ಅದರ ಹಿಂದೆ ಒಂದು ಬಾಯಿ ಒಳಕ್ಕೆ, ಎರಡು ಬಾಯಿ ಹೊರಕ್ಕೆ ಇರುವ ಸೈಲೆನ್ಸರ್ ಹಾಕಿ ಎರಡು ಬಾಲ ಬಿಡಬಹುದು. ನೋಟ ಜೋಡಿಯದ್ದು, ಹರಿವು ಒಂಟಿಯದ್ದು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯಿಂದ ಬಿಡುಗಡೆ ಇದೆ. ಸದ್ದಿನಿಂದ ಬಿಡುಗಡೆ ಇಲ್ಲ: 6,000 ಪೌಂಡಿಗಿಂತ ಕಡಿಮೆಯವಕ್ಕೆ 95 ಡೆಸಿಬೆಲ್ ಮಿತಿ.

ಇದನ್ನು ಓದಿ ಊರಿನಲ್ಲಿರುವ ಹಳೆ ಜೀಪಿಗೆ ಕೈ ಹಾಕುವ ಉತ್ಸಾಹಿಗಳಿಗೊಂದು ಮಾತು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 190(2) ಕಲಂ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ.

ಗ್ಯಾರೇಜಿನಲ್ಲಿ

ಕೊಳವೆ ಬಾಗಿಸುವ ಯಂತ್ರ ಯಾವುದು ಎಂದು ಮೊದಲೇ ಕೇಳಬೇಕು. ಸಾಮಾನ್ಯ ಪ್ರೆಸ್ಸಿನಲ್ಲಿ ಬಾಗಿಸಿದರೆ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗಿ ಬಾಯಿ ಕಿರಿದಾಗುತ್ತದೆ. ಮ್ಯಾಂಡ್ರೆಲ್ ಎಂಬ ಒಳ ಆಧಾರ ಇಟ್ಟು ಬಾಗಿಸಿದರೆ ಅಗಲ ಹಾಗೇ ಉಳಿಯುತ್ತದೆ. ಚಪ್ಪಟೆ ತಿರುವುಗಳ ಎರಡು ಕೊಳವೆಗಿಂತ ದುಂಡಗಿನ ತಿರುವಿನ ಒಂದು ಕೊಳವೆ ಮೇಲು. ಕೈಯಲ್ಲಿರುವ ಹಣ ಇವೆರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ ಗೊಂದಲ ಬೇಡ.

ಲೋಹದ ಮಾತು ಊರಿನ ಹವೆಗೆ ತಕ್ಕಂತೆ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅಲ್ಲಿ ಸ್ಟೇನ್‌ಲೆಸ್ ಹಾಕಿಸಿದವರು ಪಶ್ಚಾತ್ತಾಪ ಪಡುವುದಿಲ್ಲ. ಅರಿಝೋನಾದ ಒಣಹವೆಯಲ್ಲಿ ಅಲ್ಯೂಮಿನಿಯಂ ಲೇಪದ ಉಕ್ಕು ಸಾಕು. ಹೊರಗಿನ ಉಪ್ಪಿಗಿಂತ ಒಳಗಿನ ನೀರು ಕೆಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಕೊಳವೆ ಚೆನ್ನಾಗಿ ಕಾದಿದ್ದರೆ ಅದು ಹಾರಿಹೋಗುತ್ತದೆ, ಇಲ್ಲದಿದ್ದರೆ ಸೈಲೆನ್ಸರಿನಲ್ಲಿ ನಿಂತು ತುಕ್ಕಾಗುತ್ತದೆ. ಜೋಡಿಯಲ್ಲಿ ಪ್ರತಿ ಕೊಳವೆಗೂ ಅರ್ಧ ಹೊಗೆ, ಆದ್ದರಿಂದ ಕಾಯುವುದು ತಡ. ದಿನಸಿ ಅಂಗಡಿಗೆ ಹೋಗಿ ಬರುವಷ್ಟೇ ಓಡುವ ಗಾಡಿಗೆ ಜೋಡಿ ಹಾಕಿಸಿದವರ ಸೈಲೆನ್ಸರ್‌ಗಳು ಬೇಗ ಕೊಳೆಯುವುದು ಇದಕ್ಕೇ.

ಜೋಡಿಸುವಾಗ ಗಾಡಿಯ ಭಾರ ಅದರ ಚಕ್ರಗಳ ಮೇಲೇ ಇರಬೇಕು. ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಹಿಂದಿನ ಆಕ್ಸಲ್ ಜೋತುಬೀಳುತ್ತದೆ, ಆಗ ಕಾಣುವ ಸಂದು ಸುಳ್ಳು ಸಂದು. ನೆಲಕ್ಕಿಳಿಸಿ ಅರ್ಧ ಟನ್ ಮರಳು ಹೇರಿದ ದಿನ ಆಕ್ಸಲ್ ಮೇಲೆದ್ದು ಕೊಳವೆಗೆ ಬಡಿಯುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿಡಬೇಕು. ಎಲ್ಲ ತುಂಡುಗಳನ್ನೂ ಮೊದಲು ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಎಳೆದು ನೋಡಬೇಕು. ರಬ್ಬರ್ ಕಾಲುಗಳ ಮೇಲೆ ಕೂತ ವಿ-8 ಮಗ್ಗುಲಿಗೆ ಎಷ್ಟು ವಾಲುತ್ತದೆ ಎಂಬುದು ಆಗ ತಿಳಿಯುತ್ತದೆ. ಹ್ಯಾಂಗರುಗಳಿಗೆ ರಬ್ಬರ್ ಬೇಕೆನ್ನುವುದೂ ಅದಕ್ಕೇ. ಪೂರ್ತಿ ಬೆಸುಗೆ ಆಮೇಲೆ.

ಸೋರುವಿಕೆ ಪತ್ತೆಗೆ ದುಬಾರಿ ಉಪಕರಣ ಬೇಡ. ಎಂಜಿನ್ ನಿಂತಿರುವಾಗ ಧೂಳೆಳೆಯುವ ಯಂತ್ರದ ಗಾಳಿಯನ್ನು ಬಾಲದ ಕಡೆಯಿಂದ ಊದಿ, ಕೀಲುಗಳಿಗೆ ಸೋಪಿನ ನೀರು ಬಳಿದರೆ ಗುಳ್ಳೆ ಏಳುವ ಜಾಗವೇ ತೂತು. ಹರಿವು ನಿಜವಾಗಿ ಸುಧಾರಿಸಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪಾಲು ಕಡಿಮೆ ಬೀಳಬಹುದು. ಸ್ವಲ್ಪ ದೂರ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ತುದಿ ಬಿಳಿಚಿಕೊಂಡಿದ್ದರೆ ಜೆಟ್ ಒಂದೆರಡು ಅಳತೆ ದೊಡ್ಡದು ಮಾಡಿಸಬೇಕು. ನಾಲ್ಕಾರು ಸಲ ಬಿಸಿಯಾಗಿ ತಣಿದ ಮೇಲೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಕೂತು ಬೋಲ್ಟುಗಳು ಸಡಿಲವಾಗುತ್ತವೆ. ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ಅಡಿಗೆ ಮಲಗುವ ಆ ದಿನವೇ, ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ಮೂರು ಮಿ.ಮೀ. ರಂಧ್ರವೊಂದನ್ನು ಕೊರೆದರೆ, ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಅಲ್ಲಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ.